ಹಳೆಯ ಕಂಪ್ಯೂಟರ್ ಓದಬಲ್ಲ ಸಿಡಿಯನ್ನು ಬರೆಯುವುದು ಹೇಗೆ?

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರಗಳ ಪುಟವಿನ್ಯಾಸವನ್ನು ಇಂದಿಗೂ ವಿಂಡೋಸ್ 98 ಇರುವ ಪೆಂಟಿಯಂ 3 ಕಂಪ್ಯೂಟರಿನಲ್ಲೇ ಮಾಡುತ್ತೇವೆ. ನಮ್ಮ ಕನ್ನಡ ಫಾಂಟುಗಳ ಡಾಂಗಲ್ (ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಫಾಂಟು ನಡೆಯುವ ಬೀಗದಂಥ ಸಾಧನ) ಮತ್ತು ಹಳೆಯ ಪ್ರಿಂಟರ್ ಬೇರೆ ಯಂತ್ರಕ್ಕೆ ಹೊಂದುವುದಿಲ್ಲ. ಫ್ಲಾಪಿ ಡ್ರೈವ್ ಕೆಟ್ಟಿದೆ, ಪೆನ್ ಡ್ರೈವನ್ನು ಅದು ಗುರುತಿಸುವುದಿಲ್ಲ. ಆದ್ದರಿಂದ ವಿಂಡೋಸ್ 10 ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಿವಿಡಿ ರೈಟರ್ ಕೊಂಡು ಸಿಡಿ ಬರೆದೆ. ಮೊದಲ ಸಿಡಿ-ಆರ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೆರೆಯುತ್ತದೆ, ಹಳೆಯದರಲ್ಲಿ ತೆರೆಯುವುದಿಲ್ಲ. ಎರಡನೆಯದು ಅಳಿಸಿ ಬರೆಯಬಹುದಾದ ಸಿಡಿ-ಆರ್‌ಡಬ್ಲ್ಯೂ, ಅದನ್ನು ಹಾಕಿದರೆ ಡ್ರೈವಿನಲ್ಲಿ ಡಿಸ್ಕ್ ಇರುವುದೇ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮೂರನೆಯದನ್ನು ಪರಿಚಿತರೊಬ್ಬರು ಎರಡು ಕಂತುಗಳಲ್ಲಿ ಬರೆದುಕೊಟ್ಟರು. ಅದರಲ್ಲಿ ಎರಡನೆಯ ಕಂತಿನ ಫೈಲುಗಳು ಮಾತ್ರ ಕಾಣುತ್ತವೆ. ಕೋಲಾರದಲ್ಲಿರುವ ನನ್ನ ತಮ್ಮನ ಅಂಗಡಿಯಲ್ಲಿ ಲೆಕ್ಕಪತ್ರಕ್ಕೆ ಡಾಸ್ (ವಿಂಡೋಸಿಗೂ ಹಿಂದಿನ, ಆದೇಶಗಳನ್ನು ಟೈಪ್ ಮಾಡಿ ನಡೆಸುವ ವ್ಯವಸ್ಥೆ) ಕಂಪ್ಯೂಟರ್ ಇದೆ. ಮೊದಲ ಸಿಡಿಯನ್ನು ಅದಕ್ಕೆ ಹಾಕಿದಾಗ 'ಸಿಡಿಆರ್103' ಎಂದು ಶುರುವಾಗುವ ಒಂದು ಸಾಲು ಬಂದಿತು. ದೋಷ ಎಲ್ಲಿದೆ?

ಉತ್ತರ: ನಿಮ್ಮ ಮೂರು ಡಿಸ್ಕುಗಳಿಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಮೂರನ್ನೂ ಒಂದೇ ಎಂದುಕೊಂಡು ಮದ್ದು ಹುಡುಕಿದ್ದರಿಂದ ನಿಮಗೆ ದಾರಿ ಸಿಕ್ಕಿಲ್ಲ. ತುಮಕೂರಿನ ಬಿ.ಎಚ್. ರಸ್ತೆಯ ಬದಿಯ ಅಂಗಡಿಯಲ್ಲಿ ನಾನು ಇಂತಹ ಯಂತ್ರಗಳನ್ನು ರಿಪೇರಿ ಮಾಡುತ್ತ ಬಂದವನು. ಯಾರಾದರೂ 'ಸಿಡಿ ಓದುತ್ತಿಲ್ಲ' ಎಂದರೆ, ಓದಬೇಕಾದ ಕಂಪ್ಯೂಟರ್ ಯಾವ ವರ್ಷದ್ದು ಎಂಬುದನ್ನೇ ನಾನು ಮೊದಲು ಕೇಳುತ್ತೇನೆ. ಡಿಸ್ಕಿನ ಜಾತಿ, ಬರೆದ ವಿಧಾನ, ಫೈಲುಗಳನ್ನು ಜೋಡಿಸಿದ ಪದ್ಧತಿ, ಆ ಫೈಲುಗಳ ಸ್ವರೂಪ ಈ ನಾಲ್ಕೂ ಆ ಯಂತ್ರ ತಯಾರಾಗುವ ಹೊತ್ತಿಗೆ ಬಳಕೆಯಲ್ಲಿ ಇದ್ದಿರಬೇಕು. ನಾಲ್ಕರಲ್ಲಿ ಒಂದು ಹೊಸದಾದರೂ ಉಳಿದ ಮೂರು ಸರಿಯಿದ್ದು ಪ್ರಯೋಜನವಿಲ್ಲ.

ಮೊದಲ ಡಿಸ್ಕಿನಿಂದ ಆರಂಭಿಸೋಣ. ಖಾಲಿ ಸಿಡಿಯನ್ನು ವಿಂಡೋಸ್ 10 ಲ್ಯಾಪ್‌ಟಾಪಿಗೆ ಹಾಕಿದಾಗ, ಈ ಡಿಸ್ಕನ್ನು ಹೇಗೆ ಬಳಸುತ್ತೀರಿ ಎಂದು ಕೇಳುವ ಒಂದು ಚಿಕ್ಕ ಕಿಟಕಿ ಬರುತ್ತದೆ. ಅದರಲ್ಲಿ ಎರಡು ಆಯ್ಕೆಗಳಿವೆ: ಯುಎಸ್‌ಬಿ ಫ್ಲ್ಯಾಶ್ ಡ್ರೈವಿನಂತೆ ಬಳಸುವುದು ಒಂದು, ಸಿಡಿ ಅಥವಾ ಡಿವಿಡಿ ಪ್ಲೇಯರಿನೊಂದಿಗೆ ಬಳಸುವುದು ಇನ್ನೊಂದು. ನೀವು ಮೊದಲನೆಯದನ್ನು ಒತ್ತಿರುತ್ತೀರಿ. ಬಹುತೇಕ ಎಲ್ಲರೂ ಅದನ್ನೇ ಒತ್ತುತ್ತಾರೆ, ಏಕೆಂದರೆ ಓದಲು ಅದೇ ಹೆಚ್ಚು ಅನುಕೂಲವೆಂದು ತೋರುತ್ತದೆ. ಅದನ್ನು ಒತ್ತಿದ ಕ್ಷಣ ವಿಂಡೋಸ್ ಆ ಡಿಸ್ಕನ್ನು ಫೈಲುಗಳನ್ನು ಜೋಡಿಸುವ ಯುಡಿಎಫ್ ಎಂಬ ಪದ್ಧತಿಯಲ್ಲಿ, ಸಾಮಾನ್ಯವಾಗಿ ಅದರ 2.01 ಆವೃತ್ತಿಯಲ್ಲಿ, ಸಿದ್ಧಗೊಳಿಸುತ್ತದೆ. ವಿಂಡೋಸ್ 98ಕ್ಕೆ ಯುಡಿಎಫ್‌ನ 1.02 ಆವೃತ್ತಿ ಮಾತ್ರ ಗೊತ್ತು. ವಿಂಡೋಸ್ 2000 ಆದರೆ 1.50ರ ತನಕ ಓದುತ್ತದೆ, 2.01 ಓದಲು ವಿಂಡೋಸ್ ಎಕ್ಸ್‌ಪಿಯೇ ಬೇಕು. ವಿಂಡೋಸ್ 95 ಯುಡಿಎಫ್ ಅನ್ನು ಓದುವುದೇ ಇಲ್ಲ. ಹೀಗಾಗಿ ನಿಮ್ಮ ಡಿಸ್ಕಿನ ಮೇಲೆ ಅಕ್ಷರಗಳೆಲ್ಲ ಸರಿಯಾಗಿಯೇ ಕೊರೆದಿದ್ದರೂ ಹಳೆಯ ಯಂತ್ರದ ಪಾಲಿಗೆ ಅದು ಗೊತ್ತಿಲ್ಲದ ಲಿಪಿ. ಇಲ್ಲಿ ಡ್ರೈವಿನ ತಪ್ಪೇನೂ ಇಲ್ಲ. ಡ್ರೈವ್ ಬದಲಿಸಲು ಹೇಳಿದವರ ಮಾತು ಕೇಳಿ ದುಡ್ಡು ಖರ್ಚು ಮಾಡಿಲ್ಲವೆಂದು ಭಾವಿಸುತ್ತೇನೆ.

ನಿಮ್ಮ ತಮ್ಮನವರ ಡಾಸ್ ಯಂತ್ರ ಇದನ್ನೇ ಇನ್ನಷ್ಟು ಸ್ಪಷ್ಟವಾಗಿ ಹೇಳಿದೆ. 'ಸಿಡಿಆರ್103' ಎಂಬ ಸಾಲು ಪೂರ್ತಿಯಾಗಿ 'ಸಿಡಿ-ರಾಮ್ ನಾಟ್ ಹೈ ಸಿಯೆರಾ ಆರ್ ಐಎಸ್‌ಒ-9660 ಫಾರ್ಮ್ಯಾಟ್' ಎಂದಿರುತ್ತದೆ. ಡಿಸ್ಕ್ ತಿರುಗಿತು, ಲೇಸರ್ ಓದಿತು, ಆದರೆ ನನಗೆ ತಿಳಿದ ಎರಡು ಪದ್ಧತಿಗಳಲ್ಲಿ ಯಾವುದೂ ಇಲ್ಲಿಲ್ಲ ಎಂಬುದು ಅದರ ಅರ್ಥ. ಇದರ ಬದಲು 'ಸಿಡಿಆರ್101' ಎಂದು ಬಂದಿದ್ದರೆ, ಡ್ರೈವಿಗೆ ಡಿಸ್ಕನ್ನು ಓದಲು ಸಾಧ್ಯವಾಗದ ಯಾಂತ್ರಿಕ ತೊಂದರೆ ಎಂದು ತಿಳಿಯಬೇಕಿತ್ತು. ಈ ಎರಡು ಸಂಖ್ಯೆಗಳ ವ್ಯತ್ಯಾಸ ಗೊತ್ತಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತದೆ. ವಿಂಡೋಸ್ 98 ಇಷ್ಟು ಪ್ರಾಮಾಣಿಕವಲ್ಲ. ಎರಡು ಸಂದರ್ಭಗಳಲ್ಲೂ 'ಡಿವೈಸ್ ಈಸ್ ನಾಟ್ ರೆಡಿ' ಎಂಬ ಧಾಟಿಯಲ್ಲಿ ಏನನ್ನೋ ಹೇಳಿ ಸುಮ್ಮನಾಗುತ್ತದೆ.

ಹೈ ಸಿಯೆರಾ ಎಂಬುದು ಅಮೆರಿಕದ ಟಾಹೋ ಸರೋವರದ ಬಳಿಯ ಒಂದು ಹೋಟೆಲಿನ ಹೆಸರು. ಒಂದೊಂದು ಕಂಪನಿಯ ಸಿಡಿ ಒಂದೊಂದು ರೀತಿ ಇದ್ದ ಕಾಲದಲ್ಲಿ, 1985ರಲ್ಲಿ, ಹಲವು ಕಂಪನಿಗಳ ಪ್ರತಿನಿಧಿಗಳು ಅಲ್ಲಿ ಕುಳಿತು ಒಂದು ಸಾಮಾನ್ಯ ಪದ್ಧತಿಗೆ ಒಪ್ಪಿಕೊಂಡರು. ಅದೇ ಸ್ವಲ್ಪ ಬದಲಾಗಿ 1988ರಲ್ಲಿ ಐಎಸ್‌ಒ 9660 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಡಾಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲವೂ ಇದನ್ನು ಓದುತ್ತವೆ. ಡಿಸ್ಕಿನಲ್ಲಿ ದತ್ತಾಂಶವನ್ನು 2048 ಬೈಟ್‌ಗಳ ಸೆಕ್ಟರುಗಳಾಗಿ ಇಡುತ್ತಾರೆ. ಮೊದಲ 16 ಸೆಕ್ಟರುಗಳನ್ನು ಈ ಪದ್ಧತಿ ಬಳಸದೆ ಬಿಟ್ಟುಕೊಡುತ್ತದೆ. ಅದರ ನಂತರದ ಸೆಕ್ಟರಿನಲ್ಲಿ 'ಸಿಡಿ001' ಎಂಬ ಐದು ಅಕ್ಷರಗಳ ಗುರುತು, ಡಿಸ್ಕಿನ ಹೆಸರು, ಮುಖ್ಯ ಫೋಲ್ಡರ್ ಎಲ್ಲಿದೆ ಎಂಬ ವಿಳಾಸ ಇರುತ್ತವೆ. ಹಳೆಯ ಯಂತ್ರ ನೇರವಾಗಿ ಅಲ್ಲಿಗೆ ಹೋಗಿ ಆ ಗುರುತನ್ನು ಹುಡುಕುತ್ತದೆ. ಸಿಕ್ಕರೆ ಮುಂದಿನ ಮಾತು, ಇಲ್ಲದಿದ್ದರೆ 103.

ಈ ಪದ್ಧತಿಯ ಕಟ್ಟುನಿಟ್ಟು ರೂಪಕ್ಕೆ ಲೆವೆಲ್ 1 ಎನ್ನುತ್ತಾರೆ. ಫೈಲಿನ ಹೆಸರಿಗೆ ಎಂಟು ಅಕ್ಷರ, ಚುಕ್ಕೆಯ ನಂತರ ಮೂರು ಅಕ್ಷರ. ರೋಮನ್ ದೊಡ್ಡಕ್ಷರಗಳು, ಅಂಕಿಗಳು ಮತ್ತು ಅಡಿಗೆರೆ ಬಿಟ್ಟರೆ ಬೇರೇನೂ ಸಲ್ಲದು. ಫೋಲ್ಡರಿನೊಳಗೆ ಫೋಲ್ಡರ್ ಇಡುತ್ತ ಹೋದರೆ ಎಂಟು ಹಂತಗಳಿಗಿಂತ ಆಳಕ್ಕೆ ಇಳಿಯಬಾರದು. ಲೆವೆಲ್ 2ರಲ್ಲಿ ಹೆಸರು 31 ಅಕ್ಷರಗಳವರೆಗೆ ಬೆಳೆಯಬಹುದು, ಆದರೆ ಡಾಸ್‌ನಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ವಿಂಡೋಸ್ 95 ಬಂದಾಗ ಮೈಕ್ರೋಸಾಫ್ಟ್ ಇದಕ್ಕೆ ಜೋಲಿಯೆಟ್ ಎಂಬ ಸೇರ್ಪಡೆಯನ್ನು ತಂದಿತು. ಒಂದೇ ಫೈಲುಗಳಿಗೆ ಎರಡು ಹಾಜರಿ ಪುಸ್ತಕ ಇಟ್ಟಂತೆ ಅದು: ಹಳೆಯ ಪುಸ್ತಕದಲ್ಲಿ ಮೊಟಕಾದ ಹೆಸರುಗಳು, ಪಕ್ಕದ ಹೊಸ ಪುಸ್ತಕದಲ್ಲಿ 64 ಅಕ್ಷರಗಳವರೆಗಿನ ಉದ್ದ ಹೆಸರುಗಳು, ಫೈಲುಗಳ ಒಡಲು ಮಾತ್ರ ಒಂದೇ. ವಿಂಡೋಸ್ 98 ಹೊಸ ಪುಸ್ತಕವನ್ನು ನೋಡುತ್ತದೆ, ಡಾಸ್ ಹಳೆಯದನ್ನು ನೋಡುತ್ತದೆ. ಆದ್ದರಿಂದ ಐಎಸ್‌ಒ 9660 ಲೆವೆಲ್ 1 ಮತ್ತು ಜೋಲಿಯೆಟ್ ಎರಡನ್ನೂ ಸೇರಿಸಿ ಬರೆದ ಒಂದೇ ಡಿಸ್ಕ್ ಶಿಡ್ಲಘಟ್ಟದಲ್ಲೂ ನಡೆಯುತ್ತದೆ, ಕೋಲಾರದಲ್ಲೂ ನಡೆಯುತ್ತದೆ.

ಒಂದು ಎಚ್ಚರಿಕೆ: ಜೋಲಿಯೆಟ್ ಇದೆಯೆಂದು ಫೈಲಿನ ಹೆಸರನ್ನು ಕನ್ನಡದಲ್ಲಿ ಬರೆಯಬೇಡಿ. ಡಿಸ್ಕಿನ ಮೇಲೆ ಆ ಹೆಸರು ಸರಿಯಾಗಿಯೇ ಕೂರುತ್ತದೆ. ಆದರೆ ವಿಂಡೋಸ್ 98ಕ್ಕೆ ಯುನಿಕೋಡ್ (ಎಲ್ಲ ಲಿಪಿಗಳಿಗೂ ಸಲ್ಲುವ ಇಂದಿನ ಅಕ್ಷರ ಸಂಕೇತ) ಕನ್ನಡ ತಿಳಿಯದ ಕಾರಣ ಅಲ್ಲಿ ಅಡಿಗೆರೆಗಳೋ ಪ್ರಶ್ನೆಚಿಹ್ನೆಗಳೋ ಕಾಣಿಸಿಕೊಂಡು, ಫೈಲು ಕಣ್ಣೆದುರು ಇದ್ದರೂ ತೆರೆಯದಿರಬಹುದು. ಮದುವೆ ಎಂಬುದನ್ನು ರೋಮನ್ ಅಕ್ಷರಗಳಲ್ಲಿ ಬರೆದರೆ ಆರು ಅಕ್ಷರ. ಮೇಲೆ 01, 02 ಎಂದು ಎರಡು ಅಂಕಿ ಸೇರಿಸಿದರೆ ಎಂಟಕ್ಕೆ ಸರಿಹೋಗುತ್ತದೆ. ಯಾವ ಸಂಖ್ಯೆ ಯಾರ ಮನೆಯ ಮದುವೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬರೆಯುವ ಮೊದಲೇ ನೀವು ಹೆಸರನ್ನು ಮೊಟಕು ಮಾಡದಿದ್ದರೆ ಸಾಫ್ಟ್‌ವೇರ್ ತನಗೆ ತೋಚಿದಂತೆ ಮೊಟಕು ಮಾಡುತ್ತದೆ. ಆಗ ಒಂದೇ ರೀತಿ ಶುರುವಾಗುವ ಇಪ್ಪತ್ತು ಹೆಸರುಗಳಲ್ಲಿ ಯಾವುದು ಯಾವುದೆಂದು ಡಾಸ್ ಪರದೆಯ ಮುಂದೆ ಕುಳಿತು ಹುಡುಕುವುದು ಬಹಳ ಬೇಸರದ ಕೆಲಸ.

ಎರಡನೆಯ ಡಿಸ್ಕಿನ ಕಥೆ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಕೋಲಾರದ ಒಂದು ಅಂಗಡಿಯ ಹಳೆಯ ಕಂಪ್ಯೂಟರಿಗೆ ಬೇಕಾದ ಡ್ರೈವರುಗಳನ್ನೆಲ್ಲ (ಯಂತ್ರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರುಗಳು), ಉಳಿದ ಜಾಗ ಮುಂದೆ ಉಪಯೋಗಕ್ಕೆ ಬರಲಿ ಎಂಬ ಜಿಪುಣತನದಿಂದ, ಸಿಡಿ-ಆರ್‌ಡಬ್ಲ್ಯೂ ಮೇಲೆ ಬರೆದುಕೊಂಡು ಬಸ್ಸಿನಲ್ಲಿ ಹೋಗಿದ್ದೆ. ಡ್ರೈವಿನ ಬಾಯಿ ಮುಚ್ಚಿತು, ದೀಪ ಮೂರು ಸಲ ಮಿನುಗಿತು, ಡಿಸ್ಕ್ ತಿರುಗುವ ಸದ್ದು ಏರಿ ಇಳಿಯಿತು, ಮತ್ತೆ ಏರಿತು, ನಿಂತುಹೋಯಿತು. ಪರದೆಯ ಮೇಲೆ ಡ್ರೈವ್ ಖಾಲಿ. ಅಂಗಡಿಯವರು ತಂದುಕೊಟ್ಟ ಚಹಾ ಕುಡಿದು ಬರಿಗೈಯಲ್ಲಿ ತುಮಕೂರಿಗೆ ಹಿಂದಿರುಗಿದೆ.

ಕಾರಣ ಬೆಳಕಿನಲ್ಲಿದೆ. ಸಿಡಿ ಡ್ರೈವ್ 780 ನ್ಯಾನೋಮೀಟರ್ ತರಂಗಾಂತರದ ಲೇಸರನ್ನು ಬಿಟ್ಟು, ಮರಳಿ ಬರುವ ಬೆಳಕಿನ ಏರಿಳಿತವನ್ನು ಅಳೆಯುತ್ತದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿ ಸುಮಾರು ಶೇ. 70ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಒಂದೇ ಸಲ ಬರೆಯಬಹುದಾದ ಸಿಡಿ-ಆರ್ ಅದಕ್ಕೆ ಹತ್ತಿರ ಬರುತ್ತದೆ. ಬಣ್ಣದ ಪದರ ಮತ್ತು ಅದರ ಹಿಂದಿನ ಲೋಹವನ್ನು ಹಾಗೆಯೇ ರೂಪಿಸಿದ್ದಾರೆ. ಆದರೆ ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂನಲ್ಲಿ ಬಣ್ಣದ ಬದಲು, ಕಾಯಿಸಿ ತಣಿಸಿದಂತೆ ಸ್ಫಟಿಕವಾಗಿಯೋ ಸ್ಫಟಿಕವಲ್ಲದ್ದಾಗಿಯೋ ನಿಲ್ಲುವ ಒಂದು ಮಿಶ್ರಲೋಹವಿದೆ. ಅದು ಹಿಂದಿರುಗಿಸುವ ಬೆಳಕು ಶೇ. 15ರಿಂದ 25ರಷ್ಟು ಮಾತ್ರ. ಇಷ್ಟು ಮಂದ ಬೆಳಕನ್ನು ಹಿಗ್ಗಿಸಿ ಓದುವ ಸಾಮರ್ಥ್ಯವುಳ್ಳ ಡ್ರೈವುಗಳು ಸಿಡಿ-ಆರ್‌ಡಬ್ಲ್ಯೂ ಮಾರುಕಟ್ಟೆಗೆ ಬಂದ 1997ರ ನಂತರವೇ ಸಾಮಾನ್ಯವಾದವು. ಅವುಗಳಿಗೆ ಮಲ್ಟಿರೀಡ್ ಎಂಬ ಗುರುತನ್ನೂ ಕೊಟ್ಟರು. ನಿಮ್ಮ ಪೆಂಟಿಯಂ 3 ಯಂತ್ರ ಆ ಗಡಿಗೆ ಈಚಿನದಾದರೂ ಅದರೊಳಗಿನ ಡ್ರೈವ್ ಹಿಂದಿನ ಯಂತ್ರದಿಂದ ತೆಗೆದು ಹಾಕಿದ್ದಿರಬಹುದು, ಅಥವಾ ಅದರ ಲೇಸರ್ ವಯಸ್ಸಾಗಿ ಮಂಕಾಗಿರಬಹುದು. ಯಾವುದೇ ಆಗಲಿ, ಹಳೆಯ ಯಂತ್ರಕ್ಕೆ ಕೊಡುವ ಡಿಸ್ಕ್ ಸಿಡಿ-ಆರ್ ಆಗಿರಲಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಸಿಡಿ-ಆರ್‌ಗಳಲ್ಲಿಯೂ ಭೇದಗಳಿವೆ. ಡಿಸ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಅದರ ಅಡಿಭಾಗವನ್ನು ನೋಡಿ. ಗಾಢ ನೀಲಿಯಾಗಿದ್ದರೆ ಅದು ಬಹುಪಾಲು ಏಜೋ ಬಣ್ಣ. ಹಸಿರು ಅಥವಾ ನೀಲಿ-ಹಸಿರಾಗಿದ್ದರೆ ಸಯನೀನ್. ಬಣ್ಣವೇ ಇಲ್ಲವೇನೋ ಎನಿಸುವಷ್ಟು ತೆಳು ಹೊಂಬಣ್ಣ ಅಥವಾ ತೆಳು ಹಸಿರಾಗಿದ್ದರೆ ಥ್ಯಾಲೊಸಯನೀನ್. ಯಾವುದೋ ಒಂದು ಬಣ್ಣ ಎಲ್ಲ ಡ್ರೈವುಗಳಿಗೂ ಶ್ರೇಷ್ಠವೆಂದು ನಾನು ಹೇಳುವುದಿಲ್ಲ. ಒಂದನ್ನು ಒಲ್ಲದ ಹಳೆಯ ಡ್ರೈವ್ ಇನ್ನೊಂದನ್ನು ಸಲೀಸಾಗಿ ಓದಿದ್ದನ್ನು ಹಲವು ಸಲ ಕಂಡಿದ್ದೇನೆ. ಆದ್ದರಿಂದ ಒಂದೇ ಕಂಪನಿಯ ಐವತ್ತು ಡಿಸ್ಕುಗಳ ಕಟ್ಟನ್ನು ಕೊಳ್ಳುವ ಬದಲು ಎರಡು ಮೂರು ಬಗೆಯ ಬಿಡಿ ಡಿಸ್ಕುಗಳನ್ನು ತಂದು ಪರೀಕ್ಷಿಸಿ, ಒಗ್ಗಿದ್ದನ್ನು ಹೆಚ್ಚಾಗಿ ಕೊಳ್ಳಿ. ನಿಮ್ಮ ಊರಿನಲ್ಲಿ ಈಗ ಖಾಲಿ ಸಿಡಿ ಸಿಗುವುದು ಕಷ್ಟವಾಗಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು, ಆದರೆ ಅಂಗಡಿಯ ಮುಂದೆ ಬಿಸಿಲಿನಲ್ಲಿ ತೂಗುಹಾಕಿದ್ದ ಕಟ್ಟನ್ನು ಮಾತ್ರ ಕೊಳ್ಳಬೇಡಿ. ಈ ಬಣ್ಣಗಳಿಗೆ ಬಿಸಿಲು ಆಗದು.

ಸಿಡಿ-ಆರ್‌ನ ಅವಧಿಯನ್ನೂ ನೋಡಬೇಕು. ಮೊದಲ ಸಿಡಿ-ಆರ್‌ಗಳು 74 ನಿಮಿಷದವು, ಅಂದರೆ 650 ಎಂಬಿ. ಈಗ ಸಿಗುವುದು 80 ನಿಮಿಷದ 700 ಎಂಬಿ ಡಿಸ್ಕ್. ಅಷ್ಟೇ ಅಗಲದಲ್ಲಿ ಹೆಚ್ಚು ತುಂಬಿಸಲು ಅದರ ಸುರುಳಿಯ ಗೆರೆಗಳನ್ನು ಒಂದಕ್ಕೊಂದು ಹತ್ತಿರ ತಂದಿದ್ದಾರೆ, 1.6 ಮೈಕ್ರಾನ್ ಇದ್ದ ಅಂತರ ಸುಮಾರು 1.5ಕ್ಕೆ ಇಳಿದಿದೆ. ನಿಮ್ಮ ಡ್ರೈವ್ ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ಆದರೆ ಹೊರ ಅಂಚಿನಲ್ಲಿ ಎಡವಬಹುದು. ಸಿಡಿಯನ್ನು ಒಳಗಿನಿಂದ ಹೊರಕ್ಕೆ ಬರೆಯುತ್ತಾರಾದ್ದರಿಂದ 500 ಎಂಬಿಯ ಸುಮಾರಿಗೆ ನಿಲ್ಲಿಸಿದರೆ ಅಂಚಿನ ಭಾಗ ಬಳಕೆಗೇ ಬರುವುದಿಲ್ಲ. ಬೆರಳ ಗುರುತು, ಗೀರು, ಡಿಸ್ಕಿನ ಸಣ್ಣ ಬಾಗು ಇವೆಲ್ಲ ಹೆಚ್ಚಾಗಿ ತೊಂದರೆ ಕೊಡುವುದೂ ಅಂಚಿನಲ್ಲೇ. ಲಗ್ನಪತ್ರಿಕೆಯ ಫೈಲುಗಳಿಗೆ 500 ಎಂಬಿ ಧಾರಾಳ.

ಮೂರನೆಯ ಡಿಸ್ಕಿನಲ್ಲಿ ಮೊದಲ ಕಂತಿನ ಫೈಲುಗಳು ಅಳಿಸಿಹೋಗಿಲ್ಲ, ಅಲ್ಲೇ ಇವೆ. ಬರೆಯುವ ಪ್ರತಿ ಕಂತಿಗೂ ಸೆಷನ್ ಎನ್ನುತ್ತಾರೆ. ಪ್ರತಿ ಸೆಷನ್ನಿಗೂ ತನ್ನದೇ ಹಾಜರಿ ಪುಸ್ತಕವಿರುತ್ತದೆ. ಎರಡನೆಯ ಸಲ ಬರೆಯುವಾಗ ಹಿಂದಿನ ಪುಸ್ತಕದ ಹೆಸರುಗಳನ್ನು ಹೊಸ ಪುಸ್ತಕಕ್ಕೆ ನಕಲು ಮಾಡಿಕೊಳ್ಳುವಂತೆ ಸಾಫ್ಟ್‌ವೇರಿಗೆ ಹೇಳಬೇಕು. ನಿಮ್ಮ ಪರಿಚಿತರು ಅದನ್ನು ಮರೆತಿದ್ದಾರೆ. ವಿಂಡೋಸ್ ಕೊನೆಯ ಪುಸ್ತಕವನ್ನು ಮಾತ್ರ ನೋಡಿತು. ಇನ್ನೂ ಹಳೆಯ, ಒಂದೇ ಸೆಷನ್ ಓದಬಲ್ಲ ಡ್ರೈವುಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮೊದಲ ಕಂತು ಮಾತ್ರ ಕಂಡು ಎರಡನೆಯದು ಮಾಯವಾಗುತ್ತಿತ್ತು. ಎರಡೂ ತಾಪತ್ರಯಗಳಿಗೆ ಒಂದೇ ಉಪಾಯ: ಎಲ್ಲವನ್ನೂ ಒಂದೇ ಸಲಕ್ಕೆ ಬರೆದು ಡಿಸ್ಕನ್ನು ಮುಚ್ಚಿಬಿಡಿ. ಸಾಫ್ಟ್‌ವೇರುಗಳು ಇದನ್ನು ಫೈನಲೈಸ್ ಅಥವಾ ಕ್ಲೋಸ್ ಡಿಸ್ಕ್ ಎಂದು ಕರೆಯುತ್ತವೆ. ಡಿಸ್ಕ್-ಅಟ್-ಒನ್ಸ್ ಎಂಬ ಆಯ್ಕೆಯಿದ್ದರೆ ಅದನ್ನೇ ಆರಿಸಿ. ಲೇಸರ್ ನಡುವೆ ಎಲ್ಲಿಯೂ ಆರದೆ ಮೊದಲಿನಿಂದ ಕೊನೆಯವರೆಗೆ ಒಂದೇ ಎಳೆಯಲ್ಲಿ ಬರೆಯುವುದರಿಂದ, ಟ್ರ್ಯಾಕ್-ಅಟ್-ಒನ್ಸ್ ವಿಧಾನದಲ್ಲಿ ಟ್ರ್ಯಾಕಿನ ಕೊನೆಯಲ್ಲಿ ಉಳಿಯುವ ಓದಲಾಗದ ಎರಡು ಸೆಕ್ಟರುಗಳ ಕಿರಿಕಿರಿ ಇರುವುದಿಲ್ಲ. ಡಿಸ್ಕಿನಲ್ಲಿ ಮುಕ್ಕಾಲು ಪಾಲು ಜಾಗ ಪೋಲಾಗುತ್ತದೆಯಲ್ಲ ಎಂಬ ಸಂಕಟ ನಿಮ್ಮ ಪರಿಚಿತರಿಗೂ ಆಗಿರಬೇಕು, ನನಗೂ ಕೋಲಾರಕ್ಕೆ ಹೋಗುವಾಗ ಆಗಿತ್ತು.

ಈಗ ಬರೆಯುವ ಕ್ರಮಕ್ಕೆ ಬರೋಣ. ವಿಂಡೋಸ್ 10ರಲ್ಲಿ ಬೇರೆ ಸಾಫ್ಟ್‌ವೇರ್ ಇಲ್ಲದೆಯೇ ಮಾಡುವುದಾದರೆ, ಆ ಚಿಕ್ಕ ಕಿಟಕಿಯಲ್ಲಿ ಸಿಡಿ ಅಥವಾ ಡಿವಿಡಿ ಪ್ಲೇಯರ್ ಎಂಬ ಎರಡನೆಯ ಆಯ್ಕೆಯನ್ನು ಆರಿಸಬೇಕು. ವಿಂಡೋಸ್ ಇದನ್ನು ಮಾಸ್ಟರ್ಡ್ ಎಂದು ಕರೆಯುತ್ತದೆ. ಶಿಡ್ಲಘಟ್ಟದ ಯಂತ್ರಕ್ಕೆ ಇಷ್ಟೇ ಸಾಕಾಗಬಹುದು. ಆದರೆ ಲೆವೆಲ್ ಎಷ್ಟು, ವೇಗ ಎಷ್ಟು, ಡಿಸ್ಕ್ ಮುಚ್ಚಿತೋ ಇಲ್ಲವೋ ಎಂಬುದರ ಮೇಲೆ ಹಿಡಿತ ಬೇಕಾದವರಿಗೆ ನಾನು ಇಮ್ಜ್‌ಬರ್ನ್ ಎಂಬ ಉಚಿತ ಸಾಫ್ಟ್‌ವೇರನ್ನು ಹೇಳುತ್ತೇನೆ. ಅದರ ಕೊನೆಯ ಆವೃತ್ತಿ 2013ರದ್ದು. ಹೊಸದಿಲ್ಲವೆಂದು ಹಿಂಜರಿಯಬೇಡಿ, ಸಿಡಿಯೂ ಹೊಸದಾಗಿಲ್ಲ. ಅದರಲ್ಲಿ ಫೈಲು ಮತ್ತು ಫೋಲ್ಡರುಗಳನ್ನು ಡಿಸ್ಕಿಗೆ ಬರೆಯುವ ವಿಭಾಗವನ್ನು ತೆರೆದು, ಆಪ್ಷನ್ಸ್ ಪುಟದಲ್ಲಿ ಡೇಟಾ ಟೈಪ್ ಮೋಡ್ 1 ಎಂದೂ, ಫೈಲ್ ಸಿಸ್ಟಮ್ ಐಎಸ್‌ಒ 9660 ಮತ್ತು ಜೋಲಿಯೆಟ್ ಎಂದೂ ಇಡಿ. ಯುಡಿಎಫ್ ಹೆಸರು ಸೇರಿರುವ ಯಾವ ಆಯ್ಕೆಯೂ ಬೇಡ. ಅಡ್ವಾನ್ಸ್ಡ್ ಪುಟದ ನಿರ್ಬಂಧಗಳ ವಿಭಾಗದಲ್ಲಿ ಹೆಸರಿನ ಉದ್ದಕ್ಕೆ ಲೆವೆಲ್ 1, ಅಕ್ಷರಗಳಿಗೆ ಸ್ಟ್ಯಾಂಡರ್ಡ್ ಎಂದು ಆರಿಸಿ. ಲಿನಕ್ಸ್ ಬಳಸುವವರು ಜೆನ್‌ಐಸೊಇಮೇಜ್ ಆದೇಶಕ್ಕೆ ಐಸೊ-ಲೆವೆಲ್ 1 ಮತ್ತು ಜೋಲಿಯೆಟ್ ಆಯ್ಕೆಗಳನ್ನು ಕೊಟ್ಟರೆ ಇದೇ ಫಲ ಸಿಗುತ್ತದೆ.

ಮೋಡ್ 1 ಎಂದದ್ದಕ್ಕೆ ಕಾರಣವಿದೆ. ಸಿಡಿಯ ಒಂದು ಸೆಕ್ಟರಿನ ನಿಜವಾದ ಗಾತ್ರ 2352 ಬೈಟ್. ಅದರಲ್ಲಿ ನಿಮ್ಮ ದತ್ತಾಂಶಕ್ಕೆ 2048, ಉಳಿದದ್ದರಲ್ಲಿ ಬಹುಪಾಲು ತಪ್ಪು ತಿದ್ದುವ ಸಂಕೇತಗಳಿಗೆ. ಎಲ್ಲ ಸಿಡಿ-ರಾಮ್ ಡ್ರೈವುಗಳಿಗೂ ಮೂಲತಃ ತಿಳಿದ ಜೋಡಣೆ ಇದು. ಮೋಡ್ 2 ಎಕ್ಸ್‌ಎ ಎಂಬ ಇನ್ನೊಂದು ಜೋಡಣೆ ಅನೇಕ ಸೆಷನ್ನುಗಳ ಡಿಸ್ಕುಗಳಿಗೆ ಒದಗಿಬಂದದ್ದು. ತೀರಾ ಹಳೆಯ ಡ್ರೈವುಗಳಿಗೆ ಅದು ತಿಳಿಯದು. ಒಂದೇ ಸೆಷನ್ ಬರೆಯುವವರಿಗೆ ಅದರ ಅಗತ್ಯವೂ ಇಲ್ಲ.

ವೇಗದ ವಿಷಯದಲ್ಲಿ ಒಂದು ಹಳೆಯ ನಂಬಿಕೆ ಇನ್ನೂ ಉಳಿದಿದೆ: ಎಷ್ಟು ನಿಧಾನ ಬರೆದರೆ ಅಷ್ಟು ಒಳ್ಳೆಯದು ಎಂದು. ಸಿಡಿಯ ಒಂದು ಪಟ್ಟು ವೇಗವೆಂದರೆ ಸೆಕೆಂಡಿಗೆ 150 ಕಿಲೋಬೈಟ್. 1990ರ ದಶಕದ ಡಿಸ್ಕುಗಳ ಬಣ್ಣವನ್ನು ಒಂದು, ಎರಡು, ನಾಲ್ಕು ಪಟ್ಟು ವೇಗಕ್ಕೆ ಹದಗೊಳಿಸಿದ್ದರು. ಆಗ ಆ ಮಾತು ಸರಿ. ಈಗಿನ 52 ಪಟ್ಟು ವೇಗದ ಡಿಸ್ಕುಗಳ ಬಣ್ಣ ಬೇಗ ಕಾಯುವಂಥದ್ದು. ಅದನ್ನು ತೀರಾ ನಿಧಾನವಾಗಿ ಬರೆದರೆ ಗುರುತುಗಳು ಅಗತ್ಯಕ್ಕಿಂತ ಹರಡಿ ಕೆಡಬಹುದು. 52ರಲ್ಲಿ ಬರೆದರೆ ಡಿಸ್ಕ್ ನಡುಗುತ್ತದೆ. 16 ಅಥವಾ 24 ಪಟ್ಟು ಇಡಿ. ನಿಮ್ಮ ರೈಟರ್ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವಂಥದ್ದಾದ್ದರಿಂದ ಅದನ್ನು ಹಬ್ ಮೂಲಕ ಜೋಡಿಸದೆ ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿ. ಎರಡು ತಲೆಯ ಕೇಬಲ್ ಬಂದಿದ್ದರೆ ಎರಡನ್ನೂ ಚುಚ್ಚಿ. ಬರೆಯುವಾಗ ಲೇಸರಿಗೆ ಓದುವಾಗಿನದಕ್ಕಿಂತ ಬಹಳ ಹೆಚ್ಚು ಶಕ್ತಿ ಬೇಕು. ಅದು ಸಾಲದೆ ಹಾಳಾದ ಡಿಸ್ಕುಗಳನ್ನು ಕೆಟ್ಟ ಡಿಸ್ಕುಗಳೆಂದು ಎಸೆದವರು ಬಹಳ ಮಂದಿ.

ಇಷ್ಟೆಲ್ಲ ಮಾಡಿದ ಮೇಲೂ ಓದದಿದ್ದರೆ ಆಗ ಹಳೆಯ ಡ್ರೈವನ್ನು ಶಂಕಿಸಬೇಕು. ಅದಕ್ಕೊಂದು ಸರಳ ಪರೀಕ್ಷೆಯಿದೆ: ಕಾರ್ಖಾನೆಯಲ್ಲಿ ಅಚ್ಚೊತ್ತಿದ ಒಂದು ಸಿಡಿಯನ್ನು, ಉದಾಹರಣೆಗೆ ವಿಂಡೋಸ್ 98ರ ಮೂಲ ಡಿಸ್ಕನ್ನು, ಹಾಕಿ ನೋಡಿ. ಅದು ಓದಿ ನಿಮ್ಮ ಸಿಡಿ-ಆರ್ ಓದದಿದ್ದರೆ ಲೇಸರ್ ಮಂಕಾಗಿದೆ ಅಥವಾ ಮಸೂರದ ಮೇಲೆ ದೂಳಿದೆ. ಮುದ್ರಣಾಲಯಗಳಲ್ಲಿ ಎರಡನೆಯದೇ ಹೆಚ್ಚು. ಕಾಗದ ಕತ್ತರಿಸುವ ಯಂತ್ರದ ಪಕ್ಕದಲ್ಲಿದ್ದ ಒಂದು ಕಂಪ್ಯೂಟರಿನ ಡ್ರೈವನ್ನು ಬಿಚ್ಚಿದಾಗ, ಆ ಪುಟ್ಟ ಮಸೂರದ ಮೇಲೆ ಹತ್ತಿಯಂತಹ ಬಿಳಿ ಪದರವೇ ಕೂತಿದ್ದುದನ್ನು ನೋಡಿದ್ದೇನೆ. ವಿದ್ಯುತ್ ಆರಿಸಿ, ಗಾಳಿ ಊದುವ ರಬ್ಬರ್ ಬುರುಡೆಯಿಂದ ದೂಳನ್ನು ಹಾರಿಸಿ, ಹತ್ತಿಯ ಕಡ್ಡಿಯ ತುದಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸುವೇ ಅದ್ದಿ, ಒತ್ತದೆ ಒರೆಸಿ. ಮಸೂರ ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ ನಿಂತಿರುತ್ತದೆ, ಒತ್ತಿದರೆ ಮುಗಿಯಿತು. ಇದರಿಂದಲೂ ಆಗದಿದ್ದರೆ ಹಳೆಯ ಕಂಪ್ಯೂಟರುಗಳ ರಾಶಿಯಿಂದ 40 ಪಿನ್ನಿನ ಐಡಿಇ ಡಿವಿಡಿ ಡ್ರೈವೊಂದನ್ನು ತಂದು, ಹಿಂಬದಿಯ ಜಂಪರನ್ನು (ಎರಡು ಪಿನ್ನುಗಳನ್ನು ಬೆಸೆಯುವ ಪುಟ್ಟ ಟೋಪಿ) ಹಳೆಯದರಂತೆಯೇ ಇಟ್ಟು ಜೋಡಿಸಿ. ವಿಂಡೋಸ್ 98ಕ್ಕೆ ಅದಕ್ಕಾಗಿ ಬೇರೆ ಡ್ರೈವರ್ ಬೇಕಿಲ್ಲ.

ಹಾಗೆ ಡಿವಿಡಿ ಡ್ರೈವ್ ಬಂದರೂ ಡಿಸ್ಕ್ ಸಿಡಿ-ಆರ್ ಆಗಿಯೇ ಇರಲಿ. 4.7 ಜಿಬಿ ಜಾಗದ ಆಸೆಗೆ ಡಿವಿಡಿ ಬರೆದರೆ ಓದುವ ಯಂತ್ರಗಳ ಸಂಖ್ಯೆ ಕಡಿಮೆಯಾಗುತ್ತದೆಯೇ ಹೊರತು ನಿಮಗೆ ಲಾಭವಿಲ್ಲ.

ಡಿಸ್ಕ್ ತೆರೆದ ಮೇಲೂ ಫೈಲು ತೆರೆಯಬೇಕಲ್ಲ. ಗ್ರಾಹಕರು ಇಂದು ವಾಟ್ಸ್ಆ್ಯಪಿನಲ್ಲಿ ಕಳುಹಿಸುವ ಕನ್ನಡವೆಲ್ಲ ಯುನಿಕೋಡ್. ವಿಂಡೋಸಿಗೆ ಕನ್ನಡ ಯುನಿಕೋಡ್ ತುಂಗಾ ಫಾಂಟಿನೊಂದಿಗೆ ಬಂದದ್ದು ಎಕ್ಸ್‌ಪಿಯ ಕಾಲಕ್ಕೆ. 98ರಲ್ಲಿ ಆ ಅಕ್ಷರಗಳು ಬರಿಯ ಚೌಕಗಳು. ಆದ್ದರಿಂದ ಲ್ಯಾಪ್‌ಟಾಪಿನಲ್ಲಿಯೇ ನುಡಿ ಅಥವಾ ಬರಹದ ಪರಿವರ್ತಕದಿಂದ ಪಠ್ಯವನ್ನು ಹಳೆಯ ಆಸ್ಕಿ ಫಾಂಟಿನ ರೂಪಕ್ಕೆ ತಿರುಗಿಸಿ, ಒತ್ತು, ಅರ್ಕಾವತ್ತು, ದೀರ್ಘಗಳನ್ನು ಒಮ್ಮೆ ಕಣ್ಣಾರೆ ನೋಡಿ, ಆಮೇಲೆ ಡಿಸ್ಕಿಗೆ ಹಾಕಿ. ವಧುವಿನ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋದರೆ ಸಾವಿರ ಪ್ರತಿಗಳ ಕಾಗದ ನಿಮ್ಮ ಲೆಕ್ಕಕ್ಕೆ. ನಿಮ್ಮ ಡಾಂಗಲಿನ ಫಾಂಟುಗಳ ಸಂಕೇತ ನುಡಿ, ಬರಹಗಳದಕ್ಕಿಂತ ಬೇರೆಯಾಗಿದ್ದರೆ ಆ ಫಾಂಟಿನದೇ ಪರಿವರ್ತಕ ಬೇಕಾಗುತ್ತದೆ. ವರ್ಡ್ ಫೈಲುಗಳನ್ನು 97-2003 ರೂಪದಲ್ಲಿ ಉಳಿಸಿ. ಕೋರೆಲ್ ಡ್ರಾ ಫೈಲುಗಳನ್ನು ಉಳಿಸುವಾಗ ಮುದ್ರಣಾಲಯದಲ್ಲಿರುವ ಆವೃತ್ತಿಯ ಸಂಖ್ಯೆಯನ್ನೇ ಆರಿಸಿ. ಪಿಡಿಎಫ್ ಆದರೆ 1.3 ಅಥವಾ 1.4 ಆವೃತ್ತಿ ಇರಲಿ. ಚಿತ್ರಗಳಿಗೆ ಜೆಪೆಗ್ ಮತ್ತು ಟಿಫ್ ಬಿಟ್ಟು ಬೇರೆಯದನ್ನು ತರಬೇಡಿ. ಈಗಿನ ಕೆಲವು ಫೋನುಗಳು ತೆಗೆಯುವ ಹೊಸ ರೂಪದ ಫೋಟೋಗಳು 98ಕ್ಕೆ ಕಸಕ್ಕೆ ಸಮ.

ಬರೆದಾದ ಮೇಲೆ ಲ್ಯಾಪ್‌ಟಾಪಿನಲ್ಲಿ ವೆರಿಫೈ ಮಾಡಿಸಿ, ಆದರೆ ಅದನ್ನು ಅಂತಿಮವೆಂದು ತಿಳಿಯಬೇಡಿ; ಬರೆದ ಡ್ರೈವ್ ತನ್ನ ಅಕ್ಷರವನ್ನು ತಾನೇ ಓದಿಕೊಂಡಿದೆ, ಅಷ್ಟೆ. ಹಳೆಯ ಯಂತ್ರದಲ್ಲಿ ಒಂದು ಫೈಲನ್ನು ತೆರೆದು ನೋಡಿದರೂ ಸಾಲದು, ಇಡೀ ಡಿಸ್ಕನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ತಮ್ಮನವರ ಡಾಸ್ ಯಂತ್ರಕ್ಕೆ ಕೊಡುವ ಫೈಲುಗಳನ್ನು ಜಿಪ್ ಮಾಡಿ ಕೊಡುವುದು ಒಳ್ಳೆಯದು, ಏಕೆಂದರೆ ಡಾಸ್‌ನಲ್ಲಿ ಜಿಪ್ ಬಿಚ್ಚುವ ಪಿಕೆಅನ್‌ಜಿಪ್ ಎಂಬ ಸಾಫ್ಟ್‌ವೇರ್ ಬಿಚ್ಚುವ ಮೊದಲು ಫೈಲಿನ ಒಳಗನ್ನು ಪರೀಕ್ಷಿಸಬಲ್ಲದು. ಡಿಸ್ಕಿನ ಹೆಸರಿನ ಬದಿಯಲ್ಲಿ ಬಾಲ್ ಪೆನ್ನಿನಿಂದ ಬರೆಯಬೇಡಿ: ಕೆಳಗಿನ ಪಾರದರ್ಶಕ ಪ್ಲಾಸ್ಟಿಕ್ 1.2 ಮಿಲಿಮೀಟರ್ ದಪ್ಪವಿದ್ದರೆ, ಬರಹದ ಪದರ ಇರುವುದು ಮೇಲ್ಭಾಗದ ತೆಳು ಮೆರುಗೆಣ್ಣೆಯ ಕೆಳಗೇ. ಜನ ಅಡಿಭಾಗವನ್ನು ಜೋಪಾನ ಮಾಡಿ ಮೇಲ್ಭಾಗವನ್ನು ಗೀಚುತ್ತಾರೆ. ಮೆತ್ತನೆಯ ತುದಿಯ ಮಾರ್ಕರ್ ಸಾಕು, ಕಾಗದದ ಚೀಟಿ ಅಂಟಿಸುವುದು ಬೇಡ.

ಕೊನೆಗೆ ನೀವು ಖಂಡಿತವಾಗಿ ಎದುರಿಸಲಿರುವ ಇನ್ನೊಂದು ತೊಡಕು. ಸಿಡಿಯಿಂದ ವಿಂಡೋಸ್ 98ಕ್ಕೆ ನಕಲಾದ ಪ್ರತಿ ಫೈಲೂ ರೀಡ್-ಓನ್ಲಿ ಎಂಬ ಗುರುತಿನೊಂದಿಗೇ ಬರುತ್ತದೆ. ಪೇಜ್‌ಮೇಕರಿನಲ್ಲಿ ತೆರೆದು, ಅರ್ಧ ಗಂಟೆ ತಿದ್ದಿ, ಉಳಿಸಲು ಹೋದಾಗ ಅದು ಒಪ್ಪುವುದಿಲ್ಲ. ನಕಲು ಮಾಡಿದ ಕೂಡಲೇ ಫೈಲುಗಳನ್ನೆಲ್ಲ ಆರಿಸಿ, ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು ರೀಡ್-ಓನ್ಲಿ ಮುಂದಿನ ಗುರುತನ್ನು ತೆಗೆಯಿರಿ. ಡಾಸ್ ಯಂತ್ರದಲ್ಲಿ ಅಟ್ರಿಬ್ ಆದೇಶಕ್ಕೆ ಮೈನಸ್ ಆರ್ ಸೇರಿಸಿ ಕೊಟ್ಟರೆ ಅದೇ ಕೆಲಸವಾಗುತ್ತದೆ.